ಋಣ ತೀರಿಸುವ ಆತುರ

ಉಂಡ ಮನೆಯ ಋಣ ತೀರಿಸಬೇಕೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಆದಷ್ಟು ಬೇಗ ತೀರಿಸಿ ಹಗುರಾಗಬೇಕೆಂಬ ಆತುರವೂ ಸದ್ಗುಣವೇ? ಥಾಯ್ಲೆಂಡಿನ ಉತ್ತರಭಾಗದ ಚಿಯಾಂಗ್‌ಮೈ ನಗರದಲ್ಲಿ ಒಂದು ಸಂಸಾರದ ಅತಿಥಿಯಾಗಿ ಕೆಲವು ತಿಂಗಳು ಇದ್ದಾಗ ಈ ಪ್ರಶ್ನೆ ದಿನವೂ ನನ್ನನ್ನು ಕಾಡುತ್ತಿತ್ತು.

ಮನೆಯೊಡತಿಯನ್ನು ನಾನು ‘ಮೇ’ ಎಂದು ಕರೆಯುತ್ತಿದ್ದೆ, ತಾಯಿ ಎಂದರ್ಥ. ಬೆಳಕು ಹರಿಯುವ ಹೊತ್ತಿಗೆ ಅವರು ಅನ್ನ, ಪಲ್ಯ ಹಿಡಿದು ಬಾಗಿಲಲ್ಲಿ ನಿಂತಿರುವರು. ಕಾವಿಯುಟ್ಟ ಭಿಕ್ಷುಗಳು ಬರಿಗಾಲಲ್ಲಿ ಬರುವರು. ಮೇ ಚಪ್ಪಲಿ ಕಳಚಿ, ಭಿಕ್ಷಾಪಾತ್ರೆಗೆ ಅನ್ನವಿಟ್ಟು, ಮಂಡಿಯೂರಿ ಕೈಮುಗಿಯುವರು. ಭಿಕ್ಷುಗಳು ಪಾಲಿಯಲ್ಲಿ ಹರಸಿ ಮುಂದೆ ಸಾಗುವರು. ಉಪಕಾರವಾಯಿತೆಂಬ ಮಾತೇ ಇಲ್ಲ. ಪುಣ್ಯಕ್ಕೆ ಅವಕಾಶ ದೊರೆಯಿತೆಂದು ಕೊಟ್ಟವರೇ ಕೈಮುಗಿಯುವ ಪದ್ಧತಿ ಅದು.

ಭಿಕ್ಷುವಿನಂತೆ ಪಡೆದು ನಡೆದುಬಿಡುವ ಧೈರ್ಯ ನನ್ನಂಥ ಸಂಸಾರಿಗೆ ಎಲ್ಲಿಂದ ಬರಬೇಕು? ರಾತ್ರಿ ಎಲ್ಲರೂ ಸುತ್ತ ಕುಳಿತು, ಬಿದಿರಿನ ಪುಟ್ಟ ಬುಟ್ಟಿಯಿಂದ ಅಂಟು ಅಕ್ಕಿಯ ಅನ್ನ ತೆಗೆದು, ಉಂಡೆಮಾಡಿ, ನಡುವಿನ ಬಟ್ಟಲುಗಳಿಗೆ ಅದ್ದಿ ತಿನ್ನುತ್ತಿದ್ದೆವು. ಕಂಡವರನ್ನೆಲ್ಲ ‘ಅನ್ನ ಉಂಡಿರಾ?’ ಎಂದು ಕೇಳುವುದು ಅಲ್ಲಿಯ ಕುಶಲಪ್ರಶ್ನೆ, ನಮ್ಮ ‘ಊಟವಾಯಿತೆ?’ ಎಂಬುದರ ಒಡಹುಟ್ಟು. ಇಷ್ಟೆಲ್ಲಕ್ಕೆ ಪ್ರತಿಯಾಗಿ ನಾನು ಸಂತೆಯಿಂದ ಹಣ್ಣು ತರುತ್ತಿದ್ದೆ. ಮೇ ಸಂತೋಷದಿಂದ ತೆಗೆದುಕೊಂಡು, ಸಿಪ್ಪೆ ಸುಲಿದು, ಹೋಳುಮಾಡಿ, ಮೊದಲ ತಟ್ಟೆಯನ್ನು ನನ್ನ ಮುಂದೆಯೇ ಇಡುವರು. ಲೆಕ್ಕ ಮತ್ತಷ್ಟು ಏರಿತು!

ಇಂಥ ಉಪಕಾರಕ್ಕೆ ಥಾಯ್ ಭಾಷೆಯಲ್ಲಿ ‘ಬುನ್‌ಖುನ್’ ಎನ್ನುತ್ತಾರೆ. ಕಿವಿಗೊಟ್ಟು ಕೇಳಿದರೆ ಅದರಲ್ಲಿ ನಮ್ಮ ‘ಪುಣ್ಯ’ವೂ ‘ಗುಣ’ವೂ ಇವೆ. ಅದನ್ನು ನೆನೆಯುವವನು ‘ಕತನ್ಯೂ’, ಎಂದರೆ ನಮ್ಮ ಕೃತಜ್ಞ. ಕೃತಜ್ಞನೆಂದರೆ ಮಾಡಿದುದನ್ನು ಅರಿತವನು. ಅದನ್ನು ತೀರಿಸಿ ಕೈತೊಳೆದುಕೊಂಡವನಲ್ಲ. ಪ್ರತ್ಯುಪಕಾರವನ್ನು ಹೇಳುವ ‘ಕತವೇದಿ’ ಎಂಬ ಮಾತು ಪಾಲಿಯಲ್ಲಿ ಅದರ ಬೆನ್ನಿಗೇ ಬರುತ್ತದೆ, ನಿಜ. ಆದರೂ ಅರಿವು ಮೊದಲು, ಪ್ರತಿಫಲ ಆಮೇಲೆ.

ಇದರ ಇನ್ನೊಂದು ಮುಖವನ್ನು ಮರೆಮಾಚಬಾರದು. ಗಂಡುಮಕ್ಕಳು ಕೆಲವು ವಾರಗಳ ಮಟ್ಟಿಗಾದರೂ ಭಿಕ್ಷುಗಳಾಗಿ ಆ ಪುಣ್ಯವನ್ನು ಹೆತ್ತವರಿಗೆ ಅರ್ಪಿಸುವುದು ಅಲ್ಲಿಯ ರೂಢಿ. ಹೆಣ್ಣುಮಕ್ಕಳಿಗೆ ಆ ದಾರಿ ಸುಲಭವಲ್ಲ. ಹೆಂಗಸರಿಗೆ ದೀಕ್ಷೆ ಕೊಡಕೂಡದೆಂದು 1928ರಲ್ಲಿಯೇ ಅಲ್ಲಿಯ ಸಂಘರಾಜರು ಆಜ್ಞೆ ಹೊರಡಿಸಿದ್ದರು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಬ್ಯಾಂಕಾಕಿನಲ್ಲಿ ದುಡಿದು, ಸಂಬಳವನ್ನು ಊರಿಗೆ ಕಳುಹಿಸಿ ಹೆತ್ತವರ ಋಣ ತೀರಿಸುತ್ತಾರೆ. ಒಂದೇ ಋಣ ಎಲ್ಲರ ಹೆಗಲಿಗೂ ಒಂದೇ ತೂಕವಲ್ಲ.

ಹಾಗಾದರೆ ಋಣವು ಬಂಧವೇ, ಬಂಧನವೇ? ಲೆಕ್ಕವಿಡುವವರು ಯಾರೆಂಬುದನ್ನು ನೋಡಿ ಉತ್ತರ ಹೇಳಬೇಕೆಂದು ನನಗೆ ತೋರುತ್ತದೆ. ಕೊಟ್ಟವರು ಲೆಕ್ಕವಿಟ್ಟರೆ ಪಡೆದವನು ಆಳಾಗುತ್ತಾನೆ. ಪಡೆದವನೇ ಅಂದಿನ ಲೆಕ್ಕವನ್ನು ಅಂದೇ ಚುಕ್ತಾ ಮಾಡಹೊರಟರೆ ಗಿರಾಕಿಯಾಗುತ್ತಾನೆ. ಹೋಟೆಲಿನ ಬಿಲ್ಲು ಕೊಟ್ಟು ಹೊರಬಿದ್ದವನಿಗೆ ಹಂಗೂ ಇಲ್ಲ, ನೆಂಟತನವೂ ಇಲ್ಲ. ಮೇ ಯಾವ ಲೆಕ್ಕವನ್ನೂ ಇಡಲಿಲ್ಲ. ಅವರಿಗೆ ನಾನು ಸಲ್ಲಿಸಬೇಕಾದುದು ಇಂದಿಗೂ ಹಾಗೆಯೇ ಉಳಿದಿದೆ. ಅದು ತೀರದಿರುವುದರಿಂದಲೇ ಅಲ್ಲವೇ, ಅಷ್ಟು ದೂರದ ಆ ಮನೆಯನ್ನು ನಾನಿನ್ನೂ ನನ್ನದೆನ್ನುತ್ತಿರುವುದು?