ಒಂದೇ ಯಂತ್ರ, ಎರಡು ವ್ಯವಸ್ಥೆ

ಎರಡು ದೋಣಿಗಳಲ್ಲಿ ಕಾಲಿಡಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಗಣಕಯಂತ್ರದಲ್ಲಿ ಒಂದು ಕಾರ್ಯವ್ಯವಸ್ಥೆ ಇರುವಾಗಲೇ ಅದರ ಮಗ್ಗುಲಲ್ಲಿ ಇನ್ನೊಂದನ್ನು ನೆಲೆಗೊಳಿಸುವವನಿಗೂ ಈ ಮಾತು ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಸಂದರ್ಭವೂ ಒದಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹನ್ನೊಂದನೆಯ ಆವೃತ್ತಿಯು ಬೇಡುವ ಅಂಗಗಳಿಲ್ಲದ ಹಳೆಯ ಯಂತ್ರಗಳು ಗಟ್ಟಿಮುಟ್ಟಾಗಿದ್ದೂ ಅನಾಥವಾದವು. ಭಾಗ್ಯನಗರದಂತಹ ನೇಕಾರರ ಊರಿನಲ್ಲಿ ಸೀರೆಯ ಲೆಕ್ಕವನ್ನೂ ನುಡಿ ತಂತ್ರಾಂಶದಲ್ಲಿ ಬರೆದ ಕಾಗದಪತ್ರಗಳನ್ನೂ ಅಂತಹ ಯಂತ್ರದಲ್ಲಿಟ್ಟುಕೊಂಡ ಗೃಹಸ್ಥನು ಏನು ಮಾಡಬೇಕು? ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ತರಬಹುದು. ಹಳೆಯದನ್ನು ಅಳಿಸದೆ, ಅಂತರ್ಜಾಲದ ಸಂಪರ್ಕ ತಪ್ಪಿಸಿ, ಉಳಿಸಿಕೊಳ್ಳಲೂಬಹುದು.

ಇದನ್ನು ಚಂಚಲತೆಯೆನ್ನುವವರು ಯಂತ್ರದ ನಡೆಯನ್ನು ನೋಡಬೇಕು. ಎರಡೂ ಏಕಕಾಲಕ್ಕೆ ಆಳುವುದಿಲ್ಲ. ಯಂತ್ರವನ್ನು ಎಬ್ಬಿಸಿದೊಡನೆ ಗ್ರಬ್ ಎಂಬ ದ್ವಾರಪಾಲಕನು ಯಾರ ಮನೆಗೆ ಎಂದು ಕೇಳುತ್ತಾನೆ. ಒಂದನ್ನು ಆರಿಸಿದರೆ ಇನ್ನೊಂದು ನಿದ್ರಿಸುತ್ತದೆ. ಲಿನಕ್ಸು ವಿಂಡೋಸಿನ ಕಡತಗಳನ್ನು ಓದಬಲ್ಲದು. ವಿಂಡೋಸಿಗೆ ಸ್ವತಃ ಲಿನಕ್ಸಿನ ಕಡತಗಳು ತಿಳಿಯವು. ಹಿಂದಿನ ಯಂತ್ರಗಳಲ್ಲಂತೂ ವಿಂಡೋಸನ್ನು ಎರಡನೆಯದಾಗಿ ತಂದರೆ ಅದು ಬಾಗಿಲನ್ನು ತನ್ನದೇ ಮಾಡಿಕೊಂಡು, ಮೊದಲು ಇದ್ದುದರ ಹೆಸರನ್ನೂ ಹೇಳುತ್ತಿರಲಿಲ್ಲ. ಆದ್ದರಿಂದಲೇ ವಿಂಡೋಸು ಮೊದಲು, ಲಿನಕ್ಸು ಅನಂತರ ಎಂಬ ರೂಢಿ. ಮನೆಗೆ ಬಂದವನ ಸೌಜನ್ಯವು ಎಲ್ಲರಲ್ಲಿಯೂ ಸಮನಲ್ಲವಷ್ಟೆ!

ನಮ್ಮ ಸೀಮೆಗೆ ಇಂತಹ ಬಾಳು ಹೊಸದೂ ಅಲ್ಲ. 1948ರ ಸೆಪ್ಟೆಂಬರಿನವರೆಗೆ ಕೊಪ್ಪಳವು ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಉರ್ದುವಿನಲ್ಲಿ ಅರ್ಜಿ ಬರೆದು ಕನ್ನಡದಲ್ಲಿ ಮಕ್ಕಳನ್ನು ಹರಸಿದವನನ್ನು ಎರಡು ಮನಸ್ಸಿನವನೆನ್ನಲು ನನಗೆ ನಾಲಗೆ ಬಾರದು. ಆದರೆ ಆ ಎರಡನ್ನು ಅವನ ಮೇಲೆ ಕಾಲವು ಹೇರಿತ್ತು. ಇಲ್ಲಿ ನಾವೇ ತರುತ್ತೇವೆ. ಹೊಣೆ ಹೆಚ್ಚಿದುದು ಇದರಿಂದ.

ಆ ಹೊಣೆ ಎಲ್ಲಿದೆ? ಹೊಸದಕ್ಕೆ ಎಡೆ ಬೇಕಾದರೆ ಹಳೆಯದರ ಪಾಲನ್ನು ಕುಗ್ಗಿಸಬೇಕು. ನಮ್ಮ ಕಡೆಯ ಮಾತಿನಲ್ಲಿ ಇದು ವಾಟ್ನಿಯೇ ಸರಿ. ಕುಗ್ಗಿಸುವ ನಡುವೆ ವಿದ್ಯುತ್ತು ಹೋದರೆ ಕಡತಗಳು ಕೆಡಬಹುದು. ಓದಿಬಂದ ಮಗನಿಗೆ ಇದು ಒಂದು ಸಂಜೆಯ ಆಟ. ತಂದೆಗಾದರೆ ಹತ್ತು ವರ್ಷಗಳ ಕೊಡುಕೊಳ್ಳುವಿಕೆ. ಮಾಡಬಲ್ಲೆನೆಂಬುದು ಮಾಡುವ ಅಧಿಕಾರವಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಪಂಚರನ್ನು ಕರೆಯುತ್ತಾರೆ. ಇಲ್ಲಿ ತಂದೆಯನ್ನು ಕೇಳುವುದೂ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಡುವುದೂ ಆ ಪಂಚಾಯಿತಿಯ ಸ್ಥಾನದಲ್ಲಿ ನಿಲ್ಲುತ್ತವೆ. ಇವೆರಡೂ ಇಲ್ಲದೆ ಹೊಸದನ್ನು ತಂದವನಲ್ಲಿ ನಾನು ಕಾಣುವ ದೋಷ ದ್ವಂದ್ವವಲ್ಲ, ಉದ್ಧಟತನ.

ಹಳೆಯದನ್ನು ಎಷ್ಟು ದಿನ ಇರಿಸಿಕೊಳ್ಳಬೇಕೆಂದು ಕೇಳುವವರುಂಟು. ನುಡಿಯ ಹಳೆಯ ಅಕ್ಷರಸಂಕೇತದ ಪತ್ರಗಳು, ಆ ಅಕ್ಷರಗಳಿಲ್ಲದ ಕಡೆ ತೆರೆದರೆ, ರೋಮನ್ ಲಿಪಿಯ ಅರ್ಥವಿಲ್ಲದ ಸಾಲುಗಳಾಗಿ ತೋರುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಬರೆದವರ ಎದುರಿಗೆ ಓದಿ ಸರಿನೋಡುವವರೆಗೆ ಹಳೆಯದಕ್ಕೆ ಆ ಡಿಸ್ಕಿನಲ್ಲಿ ಹಕ್ಕಿದೆ.