ಖಾಕಿ ತೊಟ್ಟ ಪೈಲ್ವಾನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಗರಡಿಮನೆ ಗೆಳೆಯರೇ, ಪಂಜಾಬಿನ ಜಗದೀಶ್ ಭೋಲಾನ ಬಗ್ಗೆ ನಾವು ಯೋಚಿಸಬೇಕಾಗಿದೆ. ಕುಸ್ತಿಯಲ್ಲಿ ಅರ್ಜುನ ಪ್ರಶಸ್ತಿ ಪಡೆದವನು, ಪೊಲೀಸ್ ಡಿಎಸ್‌ಪಿ ಆದವನು. 2012ರಲ್ಲಿ ವಜಾ, 2013ರಲ್ಲಿ ಬಂಧನ, 2019ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಶಿಕ್ಷೆ.

ತಾಕತ್ತು ಅವನನ್ನು ಕೆಡಿಸಿತೆ? ಅಲ್ಲ. ಕುಸ್ತಿ ಕಣದಾಗ ಇಬ್ಬರಿಗೂ ಲಂಗೋಟಿಯೇ. ಸಾವಿರ ಕಣ್ಣು ನೋಡ್ತಿರತಾವ, ಮೋಸ ಮಾಡಿದ್ರ ಜನ ಬಿಡೂದಿಲ್ಲ. ಖಾಕಿ ತೊಟ್ಟವನನ್ನು ತಡೆದು ಕೇಳೂ ಧೈರ್ಯ ಯಾರಿಗದ? ಠಾಣೆಯ ಬಾಗಿಲು ಹಾಕಿದ ಮೇಲೆ ಬಡವನ ಕೂಗು ಯಾರಿಗೆ ಕೇಳ್ತದ? ಕೇಳುವವರಿಲ್ಲದ ತಾಕತ್ತೇ ಕೆಡುತ್ತದೆ.

ಪೈಲ್ವಾನನ ಮೈಯೊಳಗೆ ಊರಿನ ಜೋಳ, ಹಾಲು, ದುಡಿದವರ ಬೆವರು ಇರ್ತದ. ಆ ಋಣ ಮರೆತ ಒಬ್ಬನನ್ನು ಶಿಕ್ಷಿಸಿದರೆ ಸಾಲದು. ಠಾಣೆಯೂ ಕಣದಂತೆ ಜನರ ಕಣ್ಣೆದುರು ಬರಬೇಕು.