ಸಾಕ್ಷಿಯ ಕಣ್ಣು, ಇಣುಕುವ ಕಣ್ಣು

ಲಂಡನ್ನಿನಲ್ಲಿ ಮೈಕ್ ವಾನ್ ಎರ್ಪ್ ಎಂಬ ಸೈಕಲ್ ಸವಾರರೊಬ್ಬರಿದ್ದಾರೆ. ಜಿಂಬಾಬ್ವೆಯಲ್ಲಿ ಅವರು ಹತ್ತೊಂಬತ್ತರ ತರುಣನಾಗಿದ್ದಾಗ, ಕುಡಿದು ವಾಹನ ಓಡಿಸಿದವನೊಬ್ಬ ಅವರ ತಂದೆಯನ್ನು ಬಲಿ ತೆಗೆದುಕೊಂಡ. 2006ರಲ್ಲಿ ಅವರು ಸೈಕಲ್ ಸವಾರಿಯ ವೇಳೆ ಕ್ಯಾಮೆರಾ ಧರಿಸಲು ಶುರುಮಾಡಿದರು. ಸಾಲುಗಟ್ಟಿ ನಿಂತ ಕಾರುಗಳ ಪಕ್ಕದಲ್ಲಿ ನಿಧಾನವಾಗಿ ಸಾಗುತ್ತ, ಸ್ಟೇರಿಂಗ್ ಹಿಂದೆ ಕೂತು ಫೋನಿನಲ್ಲಿ ಮುಳುಗಿದವರನ್ನು ಚಿತ್ರೀಕರಿಸಿ ಪೊಲೀಸರಿಗೆ ಕಳಿಸುವುದು ಅವರ ಕೆಲಸವಾಯಿತು. ಅವರು ಹಿಡಿದುಕೊಟ್ಟವರಲ್ಲಿ ಪ್ರಸಿದ್ಧ ಚಿತ್ರ ನಿರ್ದೇಶಕ ಗೈ ರಿಚಿ ಕೂಡ ಒಬ್ಬರು. ಹೈಡ್ ಪಾರ್ಕಿನಲ್ಲಿ ಕಾರಿನೊಳಗೆ ಕೂತು ಸಂದೇಶ ಟೈಪ್ ಮಾಡುತ್ತಿದ್ದ ಅವರು 2020ರಲ್ಲಿ ಆರು ತಿಂಗಳು ವಾಹನ ಓಡಿಸುವ ಹಕ್ಕು ಕಳೆದುಕೊಂಡರು.

ವಾನ್ ಎರ್ಪ್ ಅವರನ್ನು ಕೆಲವರು ವೀರ ಎನ್ನುತ್ತಾರೆ, ಇನ್ನು ಕೆಲವರು ಚಾಡಿಕೋರ ಎನ್ನುತ್ತಾರೆ. ಈ ಎರಡು ಹೆಸರುಗಳ ನಡುವೆ ಒಂದು ಹಳೆಯ ಪ್ರಶ್ನೆ ಅಡಗಿದೆ. ಇನ್ನೊಬ್ಬರ ತಪ್ಪನ್ನು ಕಂಡು ದಾಖಲಿಸುವವನು ಸಾಕ್ಷಿಯೋ, ಗೂಢಚಾರನೋ?

ಮೊದಲು ಸೈಕಲ್ ಸವಾರನ ಪಾಡನ್ನು ನೋಡೋಣ. ಕಾರಿನವನಿಗೆ ಸುತ್ತಲೂ ಉಕ್ಕಿನ ಗೋಡೆಯಿದೆ. ಸೈಕಲ್ ತುಳಿಯುವವನಿಗೆ ಇರುವುದು ತನ್ನ ಚರ್ಮ ಮಾತ್ರ. ಕಾರಿನ ಕನ್ನಡಿ ಮೊಣಕೈ ಸವರುವಷ್ಟು ಹತ್ತಿರದಿಂದ ಯಾರಾದರೂ ಹಾದುಹೋದರೆ, ಕಾರಿನೊಳಗಿದ್ದವನಿಗೆ ಅದು ಅರಿವಿಗೂ ಬರುವುದಿಲ್ಲ. ಹೊರಗಿದ್ದವನ ಎದೆ ಮಾತ್ರ ಮನೆ ತಲುಪುವವರೆಗೂ ಹೊಡೆದುಕೊಳ್ಳುತ್ತದೆ. ದೂರು ಕೊಟ್ಟರೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎದುರು. ಗಾಯವಾಗಿದ್ದರೆ ಗಾಯವೇ ಸಾಕ್ಷಿ. ಕೂದಲೆಳೆಯಲ್ಲಿ ತಪ್ಪಿಸಿಕೊಂಡವನಿಗೆ ಯಾವ ಸಾಕ್ಷಿ? ಈ ಕೊರತೆಯನ್ನು ಆ ಪುಟ್ಟ ಕ್ಯಾಮೆರಾ ತುಂಬಿತು. ಅಲ್ಲಿಯವರೆಗೆ ಬರೀ ಬಲಿಪಶುವಾಗಿದ್ದವನು ಸಾಕ್ಷಿಯಾದ.

ಬ್ರಿಟನ್ನಿನ ವ್ಯವಸ್ಥೆಯೂ ಈ ಸಾಕ್ಷಿಗೆ ಬಾಗಿಲು ತೆರೆಯಿತು. 2016ರಲ್ಲಿ ಉತ್ತರ ವೇಲ್ಸಿನ ಪೊಲೀಸರು 'ಆಪರೇಷನ್ ಸ್ನ್ಯಾಪ್' ಎಂಬ ಹೆಸರಿನಲ್ಲಿ ಸಾರ್ವಜನಿಕರ ವಿಡಿಯೋಗಳನ್ನು ಸ್ವೀಕರಿಸಲು ಆರಂಭಿಸಿದರು. ಆಮೇಲೆ ಬೇರೆ ಕಡೆಯ ಪೊಲೀಸರೂ ಇದೇ ದಾರಿ ಹಿಡಿದರು. ಅಲ್ಲಿನ ಕಾನೂನಿನ ಪ್ರಕಾರ ವಾಹನದ ನೋಂದಾಯಿತ ಮಾಲೀಕನಿಗೆ ಹದಿನಾಲ್ಕು ದಿನಗಳೊಳಗೆ ನೋಟಿಸು ತಲುಪಬೇಕು. ಆದ್ದರಿಂದ ವಿಡಿಯೋ ಬೇಗ ಕಳಿಸಬೇಕು. ಬರೀ ಕಳಿಸಿದರೆ ಸಾಲದು, ಕಳಿಸಿದವನು ಲಿಖಿತ ಹೇಳಿಕೆ ಕೊಡಬೇಕು, ಅಗತ್ಯ ಬಿದ್ದರೆ ನ್ಯಾಯಾಲಯಕ್ಕೂ ಬಂದು ನಿಲ್ಲಬೇಕು. ಘಟನೆಯ ಹಿಂದಿನ ಮತ್ತು ಮುಂದಿನ ನಿಮಿಷದ ದೃಶ್ಯವನ್ನೂ ಅನೇಕ ಕಡೆ ಕೇಳುತ್ತಾರೆ. ಸವಾರನೇ ಮೊದಲು ತಪ್ಪು ಮಾಡಿದ್ದನೇ, ಬೈದು ಕೆಣಕಿದ್ದನೇ ಎಂಬುದೂ ಅದರಲ್ಲಿ ಕಾಣಬೇಕಲ್ಲ! ಅಂದರೆ ಬೇರೆಯವರತ್ತ ತಿರುಗಿಸಿದ ಕ್ಯಾಮೆರಾಕ್ಕೆ ಸವಾರ ತನ್ನನ್ನೂ ಒಪ್ಪಿಸಿಕೊಳ್ಳಬೇಕಾಗುತ್ತದೆ. 2022ರ ಜನವರಿಯಲ್ಲಿ ತಿದ್ದುಪಡಿಯಾದ ಅಲ್ಲಿನ ರಸ್ತೆ ಸಂಹಿತೆ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದಿತು. ಯಾರಿಂದ ಹೆಚ್ಚು ಹಾನಿಯಾಗಬಲ್ಲದೋ ಅವರ ಹೊಣೆಯೂ ಹೆಚ್ಚು ಎಂಬ ತತ್ವವನ್ನೂ ಅದು ಒಪ್ಪಿಕೊಂಡಿತು. ಇದು ರಸ್ತೆಗೆ ಮಾತ್ರ ಸಲ್ಲುವ ತತ್ವವಲ್ಲವೆಂದು ನಮಗನ್ನಿಸುತ್ತದೆ.

ಇಷ್ಟಾದರೂ ಮನಸ್ಸಿನ ಅಳುಕು ಹೋಗುವುದಿಲ್ಲ. ಏಕೆಂದರೆ ಇಣುಕಿ ನೋಡುವುದನ್ನು, ಇನ್ನೊಬ್ಬರ ದೋಷ ಹುಡುಕುವುದನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ. ಅರಬಿಯಲ್ಲಿ ಅದಕ್ಕೆ ತಜಸ್ಸುಸ್ ಎನ್ನುತ್ತಾರೆ. ಖಲೀಫಾ ಉಮರ್ ಅವರ ಬಗ್ಗೆ ಹೇಳಲಾಗುವ ಪ್ರಸಂಗವೊಂದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ರಾತ್ರಿ ಗಸ್ತು ತಿರುಗುತ್ತಿದ್ದ ಅವರಿಗೆ ಒಂದು ಮನೆಯೊಳಗಿಂದ ಅನುಮಾನದ ಸದ್ದು ಕೇಳಿತು. ಗೋಡೆ ಹತ್ತಿ ಒಳಗಿಳಿದರೆ ಒಬ್ಬಾತ ಮದ್ಯದೊಂದಿಗೆ ಕೂತಿದ್ದ. ಆತ ಹೆದರಲಿಲ್ಲ. ತಾನು ಮಾಡಿದ್ದು ಒಂದು ತಪ್ಪು, ಅಮೀರುಲ್ ಮೂಮಿನೀನ್ ಮಾಡಿದ್ದು ಮೂರು ಎಂದ. ಇಣುಕಿದ್ದು ಒಂದು, ಬಾಗಿಲು ಬಿಟ್ಟು ಗೋಡೆ ಹತ್ತಿದ್ದು ಎರಡು, ಅನುಮತಿಯಿಲ್ಲದೆ ಮನೆ ಹೊಕ್ಕಿದ್ದು ಮೂರು. ಉಮರ್ ಅವರು ಆತನನ್ನು ಬಿಟ್ಟು ಹೊರನಡೆದರು. ಕೆಡುಕನ್ನು ತಡೆಯುವ ಹೊಣೆಯ ಬಗ್ಗೆ ವಿಸ್ತಾರವಾಗಿ ಬರೆದ ಇಮಾಮ್ ಗಝಾಲಿಯವರೂ ಒಂದು ಷರತ್ತು ಹಾಕಿದ್ದಾರೆ. ಹುಡುಕದೆಯೇ ಕಣ್ಣಿಗೆ ಬೀಳುವ ಕೆಡುಕನ್ನಷ್ಟೇ ತಡೆಯಬೇಕು, ಮುಚ್ಚಿದ ಬಾಗಿಲಿನ ಹಿಂದೆ ಏನಿದೆಯೆಂದು ಕೆದಕಬಾರದು ಎಂಬುದು ಅದರ ತಾತ್ಪರ್ಯ.

ಆದರೆ ಅದೇ ಕುರ್‌ಆನ್ ಸಾಕ್ಷ್ಯವನ್ನು ಬಚ್ಚಿಡುವುದನ್ನೂ ಪಾಪವೆನ್ನುತ್ತದೆ. ನ್ಯಾಯಕ್ಕಾಗಿ ಸಾಕ್ಷಿ ನಿಲ್ಲುವಾಗ ಅದು ಸ್ವಂತದವರ ವಿರುದ್ಧವಾದರೂ ಸರಿ, ಎದುರಿಗಿರುವವನು ಶ್ರೀಮಂತನಾದರೂ ಬಡವನಾದರೂ ಸರಿ, ಹಿಂಜರಿಯಬಾರದೆಂದು ಅನ್ನಿಸಾ ಅಧ್ಯಾಯ ಹೇಳುತ್ತದೆ. ಈ ಎರಡು ಆಜ್ಞೆಗಳನ್ನು ಹೊಂದಿಸುವುದು ಹೇಗೆ?

ಇದಕ್ಕೆ ಉತ್ತರ ಒಂದು ಹದೀಸಿನಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ, ಅದೂ ರಸ್ತೆಯ ಕುರಿತಾದ ಹದೀಸು. ದಾರಿಬದಿಯಲ್ಲಿ ಕೂರುವುದನ್ನು ಬಿಡಿ ಎಂದು ಪ್ರವಾದಿಯವರು(ಸ) ಹೇಳಿದಾಗ, ನಮಗೆ ಮಾತುಕತೆಗೆ ಬೇರೆ ಜಾಗವಿಲ್ಲವೆಂದು ಅನುಯಾಯಿಗಳು ಅರಿಕೆ ಮಾಡಿಕೊಂಡರು. ಹಾಗಾದರೆ ದಾರಿಯ ಹಕ್ಕನ್ನು ಸಲ್ಲಿಸಿ ಎಂದ ಪ್ರವಾದಿಯವರು ಆ ಹಕ್ಕುಗಳನ್ನು ಎಣಿಸಿದರು. ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ಹಾನಿ ಮಾಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು. ಗಮನಿಸಿ, ದೃಷ್ಟಿ ತಗ್ಗಿಸಬೇಕು ಎನ್ನುವುದೂ ಕೆಡುಕನ್ನು ತಡೆಯಬೇಕು ಎನ್ನುವುದೂ ಒಂದೇ ಉಸಿರಿನಲ್ಲಿ ಬಂದಿವೆ. ಕಣ್ಣು ಮುಚ್ಚಿಕೊಂಡವನು ಕೆಡುಕನ್ನು ತಡೆಯಲಾರ. ಅಂದಮೇಲೆ ಇಲ್ಲಿ ಹೇಳಿರುವುದು ಕುರುಡಾಗಲು ಅಲ್ಲ. ದಾರಿಹೋಕನ ಮುಖದ ಮೇಲೆ, ಅವನ ಬಟ್ಟೆಯ ಮೇಲೆ, ಅವನ ಜೊತೆಗಿರುವವರ ಮೇಲೆ ದೃಷ್ಟಿ ನೆಡಬಾರದು. ಅವನಿಂದ ಇನ್ನೊಬ್ಬರಿಗೆ ಆಗುತ್ತಿರುವ ಹಾನಿಯ ಮೇಲೆ ದೃಷ್ಟಿಯಿರಬೇಕು. ಅವನು ಯಾರು ಎಂದು ಕೇಳುವ ಕಣ್ಣು ಇಣುಕುವ ಕಣ್ಣು. ಅವನು ಏನು ಮಾಡಿದ ಎಂದು ಕೇಳುವ ಕಣ್ಣು ಸಾಕ್ಷಿಯ ಕಣ್ಣು.

ಕಾರು ಕೂಡ ಮನೆಯಂತೆ ಖಾಸಗಿ ಜಾಗವಲ್ಲವೇ ಎಂದು ಕೇಳಬಹುದು. ಗಾಜಿನೊಳಗೆ ಎ.ಸಿ. ಇದೆ, ಹಾಡು ಇದೆ, ಮಕ್ಕಳ ಜಗಳವಿದೆ, ಮೆತ್ತನೆಯ ಆಸನವಿದೆ. ಮನೆಯ ಪಡಸಾಲೆಯಲ್ಲಿ ಕೂತ ಭ್ರಮೆ ಬರುವುದು ಸಹಜವೇ. ಆದರೆ ಟನ್ನುಗಟ್ಟಲೆ ತೂಗುವ ಈ ಪಡಸಾಲೆ ಇನ್ನೊಬ್ಬರ ಮಕ್ಕಳ ಪಕ್ಕದಲ್ಲಿ ಓಡುತ್ತಿರುತ್ತದೆ. ಒಳಗೆ ಕೂತವನ ಹಾಡು ಅವನದು, ಅವನ ದುಃಖವೂ ಅವನದೇ. ಸ್ಟೇರಿಂಗ್ ಹಿಡಿದ ಕೈ ಮಾತ್ರ ಎಲ್ಲರಿಗೂ ಸಂಬಂಧಿಸಿದ್ದು.

ಸಾಕ್ಷಿಯ ಕಣ್ಣೇ ಇಣುಕುವ ಕಣ್ಣಾಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ವಿಡಿಯೋವನ್ನು ಪೊಲೀಸರಿಗೆ ಕೊಡುವುದು ಬೇರೆ, ಸಂತೆಯಲ್ಲಿ ಹರವುವುದು ಬೇರೆ. ಸಂತೆಗೆ ಬಂದ ಕೂಡಲೇ ನೋಡುವವರ ಸಂಖ್ಯೆ, ಚಪ್ಪಾಳೆ, ಕೆಲವೊಮ್ಮೆ ಹಣವೂ ಬರುತ್ತದೆ. ಆಗ ಸವಾರ ಅಪಾಯವನ್ನು ತಪ್ಪಿಸಿಕೊಳ್ಳುವ ಬದಲು ಹುಡುಕಿಕೊಂಡು ಹೋಗತೊಡಗುತ್ತಾನೆ. ಸಿಕ್ಕಿಬಿದ್ದವನ ಪೆಚ್ಚು ಮುಖ ಜನರಿಗೆ ನಗೆಯ ಸರಕಾಗುತ್ತದೆ. ಇಣುಕುವುದನ್ನು ತಡೆದ ವಚನಕ್ಕೆ ಹಿಂದಿನ ವಚನದಲ್ಲೇ ಕುರ್‌ಆನ್ ಪರಿಹಾಸ್ಯವನ್ನು ತಡೆದಿರುವುದು ಆಕಸ್ಮಿಕವಲ್ಲ. ಇವೆರಡೂ ಒಂದೇ ಮನೆಯ ಮಕ್ಕಳು. ವಿಡಿಯೋ ಕೊಟ್ಟ ಮೇಲೆ ಅದನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ ಎಂದು ಬ್ರಿಟನ್ನಿನ ಹಲವು ಕಡೆಯ ಪೊಲೀಸರು ಕೇಳಿಕೊಳ್ಳುವುದರಲ್ಲಿ ವಿವೇಕವಿದೆ. ಸಾಕ್ಷಿಯ ಕೆಲಸ ಕಂಡದ್ದನ್ನು ಹೇಳುವುದು, ತೀರ್ಪು ಕೊಡುವುದಲ್ಲ. ವಾನ್ ಎರ್ಪ್ ಕೊಟ್ಟ ದೃಶ್ಯಗಳೆಲ್ಲ ಶಿಕ್ಷೆಯಲ್ಲೇ ಕೊನೆಗೊಂಡಿಲ್ಲ. ಫುಟ್‌ಬಾಲ್ ತಾರೆ ಫ್ರಾಂಕ್ ಲ್ಯಾಂಪಾರ್ಡ್ ಮೇಲಿನ ಪ್ರಕರಣವನ್ನು ಸಾಕಷ್ಟು ಪುರಾವೆಯಿಲ್ಲವೆಂದು 2022ರಲ್ಲಿ ಕೈಬಿಡಲಾಯಿತು. ಹೀಗೆ ಕೈಬಿಡಬಲ್ಲ ಒಂದು ನ್ಯಾಯ ವ್ಯವಸ್ಥೆ ಇರುವುದರಿಂದಲೇ ಆ ಕ್ಯಾಮೆರಾಕ್ಕೆ ಮಾನ.

ಎಲ್ಲರೂ ನಿರ್ದೇಶಕರಲ್ಲ, ಫುಟ್‌ಬಾಲ್ ತಾರೆಗಳೂ ಅಲ್ಲ. ವಾಹನ ಓಡಿಸುತ್ತ ಕೈಯಲ್ಲಿ ಫೋನ್ ಹಿಡಿದವರಿಗೆ ಬ್ರಿಟನ್ನಿನಲ್ಲಿ 2017ರಿಂದ 200 ಪೌಂಡ್ ದಂಡ, ಲೈಸೆನ್ಸಿನ ಮೇಲೆ ಆರು ಅಂಕ. ಲೈಸೆನ್ಸ್ ಪಡೆದು ಎರಡು ವರ್ಷವಾಗದವರಿಗೆ ಆರು ಅಂಕ ಬಿದ್ದರೆ ಲೈಸೆನ್ಸೇ ರದ್ದು. ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವ ವಲಸಿಗನಿಗೆ ಇದು ಅನ್ನದ ಪ್ರಶ್ನೆ. ಆದರೂ ಬಡವನ ಚಕ್ರದಡಿ ಸಿಕ್ಕವನ ಎಲುಬು ಕಡಿಮೆ ಮುರಿಯುವುದಿಲ್ಲ. ಬಡವನೆಂಬ ಮರುಕದಿಂದ ಸಾಕ್ಷ್ಯವನ್ನು ತಿರುಚಬಾರದು, ಕರುಣೆಗೆ ಜಾಗ ತೀರ್ಪಿನಲ್ಲಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಮಾಡಿದ್ದು ನಮಗೆ ಹಿಡಿಸಿತು. ಮಫ್ತಿಯಲ್ಲಿ ಸೈಕಲ್ ತುಳಿಯುವ ಪೊಲೀಸನನ್ನು ಯಾರಾದರೂ ತೀರ ಹತ್ತಿರದಿಂದ ಹಿಂದಿಕ್ಕಿದರೆ, ಮುಂದೆ ತಡೆದು ನಿಲ್ಲಿಸಿ, ನೆಲಕ್ಕೆ ಹಾಸಿದ ಚಾಪೆಯ ಮೇಲೆ ಒಂದೂವರೆ ಮೀಟರ್ ಎಂದರೆ ಎಷ್ಟೆಂದು ತೋರಿಸಿ ಪಾಠ ಹೇಳುತ್ತಿದ್ದರು. ತೀರ ಅಪಾಯಕಾರಿಯಾಗಿ ಓಡಿಸಿದವರ ಮೇಲೆ ಮಾತ್ರ ಮೊಕದ್ದಮೆ.

ಅದೇ ಬರ್ಮಿಂಗ್‌ಹ್ಯಾಮ್ ಇನ್ನೊಂದು ಬಗೆಯ ಕ್ಯಾಮೆರಾವನ್ನೂ ಕಂಡಿದೆ. 2010ರಲ್ಲಿ ಮುಸ್ಲಿಮರು ಹೆಚ್ಚಾಗಿರುವ ಸ್ಪಾರ್ಕ್‌ಬ್ರುಕ್ ಮತ್ತು ವಾಶ್‌ವುಡ್ ಹೀತ್ ಬಡಾವಣೆಗಳ ಸುತ್ತ 218 ಕ್ಯಾಮೆರಾಗಳನ್ನು ಹಾಕುವ ಯೋಜನೆ ಬಯಲಾಯಿತು. ಅವುಗಳಲ್ಲಿ 72 ಗುಪ್ತ ಕ್ಯಾಮೆರಾಗಳು. ಭಯೋತ್ಪಾದನೆ ನಿಗ್ರಹದ ಹಣದಿಂದ ಬಂದ ಅವನ್ನು ಸಾಮಾನ್ಯ ಅಪರಾಧ ತಡೆಯಲೆಂದು ಜನರಿಗೆ ಹೇಳಲಾಗಿತ್ತು. ಜನ ಪ್ರತಿಭಟಿಸಿದರು. ಕ್ಯಾಮೆರಾಗಳಿಗೆ ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಲಾಯಿತು, 2011ರಲ್ಲಿ ಅವನ್ನು ಕಿತ್ತುಹಾಕಲಾಯಿತು. ಅಲ್ಲಿ ಯಾರೂ ಯಾರಿಗೂ ಹಾನಿ ಮಾಡಿದ್ದು ಕಂಡಿರಲಿಲ್ಲ. ಆ ಕೇರಿಯಲ್ಲಿ ವಾಸಿಸುವುದೇ ಅನುಮಾನಕ್ಕೆ ಸಾಕಾಗಿತ್ತು. ಸೈಕಲ್ ಸವಾರನದು ದುರ್ಬಲನು ಬಲಶಾಲಿಯ ಕೃತ್ಯದತ್ತ ಹಿಡಿದ ಕಣ್ಣು. ಇದು ಬಲಶಾಲಿಯು ದುರ್ಬಲನ ಹುಟ್ಟಿನತ್ತ ಹಿಡಿದ ಕಣ್ಣು.

ನಮ್ಮ ನಾಡಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕಿತ್ತು. 2012ರ ಜುಲೈಯಲ್ಲಿ ಮಂಗಳೂರಿನ ಹೋಂಸ್ಟೇಗೆ ನುಗ್ಗಿ, ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಥಳಿಸಿದಾಗ ಅಲ್ಲಿ ಟಿ.ವಿ. ಕ್ಯಾಮೆರಾ ಇತ್ತು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ರಸ್ತೆಯಲ್ಲಿ, ಸಹೋದ್ಯೋಗಿಯ ಬೈಕಿನಲ್ಲಿ ಮನೆಗೆ ಹೋಗುತ್ತಿದ್ದ ಮುಸ್ಲಿಂ ಮಹಿಳೆಯನ್ನು ತಡೆದು, ಆ ಹಿಂದೂ ಯುವಕನಿಗೆ ಹೊಡೆದು ವಿಡಿಯೋ ಮಾಡಿದವರು ನಮ್ಮ ಸಮುದಾಯದ ಹುಡುಗರೇ. ಇಬ್ಬರ ಬಂಧನವಾಯಿತು. ಇವರೆಲ್ಲ ಸಮಾಜವನ್ನು ಕಾಯುತ್ತಿದ್ದೇವೆಂದೇ ಹೇಳಿಕೊಂಡರು. ಆದರೆ ಆ ಹೋಂಸ್ಟೇಯಲ್ಲಿ, ಆ ಬೈಕಿನ ಮೇಲೆ ಯಾರಿಗೆ ಯಾವ ಹಾನಿಯಾಗಿತ್ತು? ಇವರು ಕೇಳಿದ್ದು ನೀನು ಯಾರು, ನಿನ್ನ ಜೊತೆಗಿರುವವರು ಯಾರು ಎಂಬುದನ್ನು ಮಾತ್ರ. ಗೋಡೆ ಹತ್ತಿದ ಖಲೀಫರು ತಪ್ಪು ತಿಳಿದು ಹಿಂದಿರುಗಿದರು. ನಮ್ಮ ಹುಡುಗರು ಗೋಡೆಯ ಮೇಲೆಯೇ ಕೂತಿದ್ದಾರೆ.

ವಿಚಿತ್ರವೆಂದರೆ ನಿಜವಾದ ಹಾನಿಯತ್ತ ಮಾತ್ರ ನಮ್ಮ ಕ್ಯಾಮೆರಾ ತಿರುಗುವುದು ಕಡಿಮೆ. 2022ರಲ್ಲಿ ಗ್ರೇಟ್ ಬ್ರಿಟನ್ನಿನ ರಸ್ತೆಗಳಲ್ಲಿ 1,711 ಜನ ಸತ್ತರು, ಅವರಲ್ಲಿ 91 ಮಂದಿ ಸೈಕಲ್ ಸವಾರರು. ಅದೇ ವರ್ಷ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ನಮ್ಮ ಜನಸಂಖ್ಯೆ ಅವರದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚೆಂದು ಲೆಕ್ಕ ಹಾಕಿದರೂ ಸಮಾಧಾನ ಸಿಗುವುದಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರು 2010ರ ದಶಕದಲ್ಲೇ 'ಪಬ್ಲಿಕ್ ಐ' ಎಂಬ ಆಪ್ ಮೂಲಕ, ನಿಯಮ ಮುರಿದವರ ಫೋಟೋ ಕಳಿಸಲು ನಾಗರಿಕರಿಗೆ ಅವಕಾಶ ಕೊಟ್ಟಿದ್ದರು. ಆದರೂ ಹೊಸ್ತಿಲಲ್ಲಿ ದಿನಪತ್ರಿಕೆ ಹಾಕುವ ಹುಡುಗ, ಗಾರೆ ಕೆಲಸಕ್ಕೆ ಹೋಗುವವನು, ಹ್ಯಾಂಡಲ್ಲಿಗೆ ಬುತ್ತಿ ನೇತುಹಾಕಿದ ಕಾವಲುಗಾರ, ಇವರು ನಮ್ಮ ಸೈಕಲ್ ಸವಾರರು. ಇವರ ತಲೆಯ ಮೇಲೆ ಕ್ಯಾಮೆರಾ ಇರಲಿ, ಹೆಲ್ಮೆಟ್ಟೂ ಇರುವುದಿಲ್ಲ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಬಚ್ಚಿಟ್ಟರೆ ಅದೂ ಸಾಕ್ಷ್ಯವನ್ನು ಬಚ್ಚಿಟ್ಟಂತೆಯೇ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಮಗ್ರಿಬ್ ನಮಾಜಿಗೆ ಹೊತ್ತಾಯಿತೆಂದು ನಾವು ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಹೆಗಲಿಗೂ ಕಿವಿಗೂ ನಡುವೆ ಫೋನಿತ್ತು. ತಿರುವಿನಲ್ಲಿ ಸೈಕಲ್ ತುಳಿಯುತ್ತಿದ್ದ ಶಾಲೆಯ ಹುಡುಗನೊಬ್ಬ ನಮ್ಮನ್ನು ತಪ್ಪಿಸಲು ಹೋಗಿ ಚರಂಡಿಯ ಅಂಚಿಗೆ ಬಿದ್ದ. ಎದ್ದು ಮೊಣಕಾಲು ಒರೆಸಿಕೊಳ್ಳುತ್ತ, "ಏನಾಗಿಲ್ಲ ಅಂಕಲ್" ಎಂದ. ನಾವು ಅಷ್ಟನ್ನೇ ನಂಬಿ ಹೊರಟುಬಿಟ್ಟೆವು. ಜಮಾಅತ್ ತಪ್ಪಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತೆವು.

ಆ ಹುಡುಗನ ಬಳಿ ಕ್ಯಾಮೆರಾ ಇದ್ದಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇವೆ. ಮೊದಲು ನಮಗೆ ಸಿಟ್ಟು ಬರುತ್ತಿತ್ತು, ಅನುಮಾನವಿಲ್ಲ. ಇಷ್ಟು ಚಿಕ್ಕವನು ದೊಡ್ಡವರ ಮೇಲೆ ದೂರು ಕೊಡುವುದೇ ಎನ್ನುತ್ತಿದ್ದೆವು. ತಜಸ್ಸುಸ್ ಹರಾಮ್ ಎಂಬ ಮಾತೂ ಆಗ ತಪ್ಪದೆ ನೆನಪಾಗುತ್ತಿತ್ತೇನೋ. ಆದರೆ ಅವನು ನಮ್ಮ ಮನೆಯೊಳಗೆ ಇಣುಕಿರಲಿಲ್ಲ. ತಾನು ಬಿದ್ದ ಜಾಗದಿಂದ ತಲೆಯೆತ್ತಿ ನೋಡಿದ್ದನಷ್ಟೆ.